ನಮ್ಮ ದುಡ್ಡು, ನಮ್ಮದೇ ನಿರ್ಧಾರ: ಸ್ವಂತ ಹೂಡಿಕೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಯಾವ ಫಂಡನ್ನೂ ಪಾಲಿಸಿಯನ್ನೂ ಮಾರುವವನಲ್ಲ. ಇಷ್ಟು ಜನರ ಲೆಕ್ಕ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಬಡ್ಡಿ ಒಂದೆರಡು ಪರ್ಸೆಂಟ್ ಕಡಿಮೆ ಬಂದು ಮುಳುಗಿದ ಮನೆ ಇಲ್ಲ. ಆ ದುಡ್ಡು ಯಾವಾಗ ಬೇಕು ಎಂದು ಯೋಚಿಸದೆ ಹಾಕಿದವರು, ಯಾರ ಕೈಗೆ ಹೋಗುತ್ತಿದೆ ಎಂದು ವಿಚಾರಿಸದೆ ಕೊಟ್ಟವರು ಕಳೆದುಕೊಂಡಿದ್ದಾರೆ. ಬಡ್ಡಿದರ, ತೆರಿಗೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ದುಡ್ಡು ಹಾಕುವ ದಿನ ಆ ದಿನದ ದರವನ್ನು ಒಮ್ಮೆ ನೋಡಿಕೊಳ್ಳಿ.

## ಶುರು ಮಾಡುವ ಮುನ್ನ

ಕೈಯಲ್ಲಿ ಒಂದು ಲಕ್ಷ ಇದೆ ಸಾರ್, ಎಲ್ಲಿ ಹಾಕಿದರೆ ಒಳ್ಳೇದು?

ನಾನು ತಿರುಗಿ ಕೇಳುವುದು ಒಂದೇ: ಆ ದುಡ್ಡು ನಿಮಗೆ ಯಾವಾಗ ಬೇಕು? ಬರುವ ಜೂನ್‌ನಲ್ಲಿ ಮಗಳ ಕಾಲೇಜು ಫೀಸು ಕಟ್ಟುವುದಿದ್ದರೆ ಅದು ಬ್ಯಾಂಕಿನಲ್ಲೇ ಇರಲಿ, ಷೇರು ಪೇಟೆ ಎಷ್ಟೇ ಏರುತ್ತಿರಲಿ. ಮೂರು ನಾಲ್ಕು ವರ್ಷದ ಮಾತಾದರೆ ಎಫ್‌ಡಿ ಅಥವಾ ಅಂಚೆ ಕಚೇರಿಯ ಠೇವಣಿ ಸಾಕು. ಏಳೆಂಟು ವರ್ಷ ಮುಟ್ಟುವುದೇ ಇಲ್ಲ ಅನ್ನುವ ದುಡ್ಡಿಗೆ ಮಾತ್ರ ಷೇರು, ಜನರ ದುಡ್ಡನ್ನು ಕೂಡಿಸಿ ಷೇರು ಕೊಳ್ಳುವ ಈಕ್ವಿಟಿ ಫಂಡುಗಳ ದಾರಿ.

ಅದಕ್ಕೂ ಮೊದಲು ಎರಡು ಕೆಲಸ ಆಗಿರಬೇಕು. ಆರು ತಿಂಗಳ ಮನೆ ಖರ್ಚು ಬೇಕೆಂದಾಗ ಸಿಗುವ ಕಡೆ ಇರಬೇಕು. ಮನೆಮಂದಿಗೆಲ್ಲ ಆರೋಗ್ಯ ವಿಮೆ ಇರಬೇಕು. ಇವೆರಡೂ ಇಲ್ಲದೆ ಮಾಡಿದ ಹೂಡಿಕೆಯನ್ನು ಒಂದು ಆಸ್ಪತ್ರೆ ಬಿಲ್ಲು ಬಂದಾಗ ಸಿಕ್ಕಿದ ಬೆಲೆಗೆ ಮಾರಬೇಕಾಗುತ್ತದೆ.

ಕ್ರೆಡಿಟ್ ಕಾರ್ಡ್ ಬಾಕಿ ಇದೆ. ಅದರ ಜೊತೆಗೇ ಒಂದು ಎಸ್‌ಐಪಿ ಶುರು ಮಾಡಲಾ?

ಬೇಡ. ಎಸ್‌ಐಪಿ ಎಂದರೆ ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಹಾಕುತ್ತ ಹೋಗುವುದು. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ 36ರಿಂದ 42ರವರೆಗೆ ಬಡ್ಡಿ ಬೀಳುತ್ತದೆ. ಅಷ್ಟು ಗಳಿಸಿಕೊಡುವ ಹೂಡಿಕೆ ಯಾರ ಹತ್ತಿರವೂ ಇಲ್ಲ. ಮೊದಲು ಅದನ್ನು ತೀರಿಸಿ, ಆಮೇಲೆ ಪರ್ಸನಲ್ ಲೋನ್. ಗೃಹಸಾಲ ಇದ್ದರೆ ಪರವಾಗಿಲ್ಲ, ಅದರ ಜೊತೆಜೊತೆಗೇ ಹೂಡಿಕೆ ಸಾಗಬಹುದು.

ಅಪ್ಪ ಎಫ್‌ಡಿ ಬಿಟ್ಟು ಬೇರೆ ಏನನ್ನೂ ನಂಬಲ್ಲ. ಅವರು ಮಾಡ್ತಿರೋದು ತಪ್ಪಾ?

ಅವರ ವಯಸ್ಸಿಗೆ ತಪ್ಪಲ್ಲ. ನಿಮ್ಮ ವಯಸ್ಸಿಗೆ ಅದೊಂದೇ ಸಾಲದು. ಶೇ 7ರ ಎಫ್‌ಡಿ ಬಡ್ಡಿ ನಿಮ್ಮ ಆದಾಯಕ್ಕೆ ಸೇರಿ ತೆರಿಗೆಗೆ ಬರುತ್ತದೆ. ಶೇ 30ರ ಹಂತದಲ್ಲಿರುವವರ ಕೈಗೆ ಉಳಿಯುವುದು ಐದರ ಹತ್ತಿರ. ಶಾಲೆಯ ಫೀಸು, ಆಸ್ಪತ್ರೆಯ ಖರ್ಚು ಅದಕ್ಕಿಂತ ಜೋರಾಗಿ ಏರುತ್ತಿವೆ. ಎಪ್ಪತ್ತು ದಾಟಿದವರಿಗೆ ಈ ಸವಕಳಿಗಿಂತ ನೆಮ್ಮದಿಯ ನಿದ್ದೆ ಮುಖ್ಯ. ಮೂವತ್ತರ ಹರೆಯದವರಿಗೆ ಮುಂದಿನ ಮೂವತ್ತು ವರ್ಷದ ಸವಕಳಿ ಸಣ್ಣದಲ್ಲ.

ಅಪ್ಪನಿಗೆ ಅರವತ್ತು ತುಂಬಿದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಹೇಳಿಕೊಡಿ. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುತ್ತದೆ, ಐದು ವರ್ಷದ ಅವಧಿ, ಒಬ್ಬರು 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳ ಎಫ್‌ಡಿಗಿಂತ ದರವೂ ಹೆಚ್ಚು.

ನಮ್ಮೂರ ಸೊಸೈಟಿ ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ ಕೊಡುತ್ತೆ. ಅಧ್ಯಕ್ಷರು ನಮಗೆ ಗೊತ್ತಿರೋರೇ. ಇಡಬಹುದಾ?

ಈ ಪ್ರಶ್ನೆಯನ್ನು ಹಗುರಾಗಿ ದಾಟುವ ಹಾಗಿಲ್ಲ. ಕರ್ನಾಟಕದ ಮಧ್ಯಮ ವರ್ಗದವರು ಷೇರಿನಲ್ಲಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಠೇವಣಿಗಳಲ್ಲಿ ಕಳೆದುಕೊಂಡಿದ್ದಾರೆ ಎಂಬುದು ನನ್ನ ನಂಬಿಕೆ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಸಹಕಾರಿ ಬ್ಯಾಂಕ್ ಬೇರೆ, ಪತ್ತಿನ ಸಹಕಾರ ಸಂಘ ಬೇರೆ. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಇರುತ್ತದೆ. ಅಲ್ಲಿನ ಠೇವಣಿಗೆ ಡಿಐಸಿಜಿಸಿ ಎಂಬ ಠೇವಣಿ ವಿಮಾ ಸಂಸ್ಥೆಯ ವಿಮೆ ಇರುತ್ತದೆ. 2020ರ ಫೆಬ್ರುವರಿಯಿಂದ ಆ ವಿಮೆಯ ಮಿತಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿ. ಅಸಲು, ಬಡ್ಡಿ, ಆ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿರುವ ಖಾತೆ ಎಲ್ಲ ಸೇರಿ ಅಷ್ಟು. ಪತ್ತಿನ ಸಂಘಕ್ಕೆ, ಬ್ಯಾಂಕಲ್ಲದ ಸೌಹಾರ್ದ ಸಹಕಾರಿಗೆ ಈ ವಿಮೆ ಇಲ್ಲ. ಬೋರ್ಡಿನ ಮೇಲೆ ಎಷ್ಟೇ ದೊಡ್ಡ ಅಕ್ಷರದಲ್ಲಿ ಹೆಸರಿರಲಿ, ‘ಡಿಐಸಿಜಿಸಿ ವಿಮೆ ಇದೆಯಾ?’ ಎಂದು ಕೌಂಟರಿನಲ್ಲಿ ನೇರವಾಗಿ ಕೇಳಿ.

ಬ್ಯಾಂಕೇ ಆದರೂ ಮಿತಿ ಮೀರಿ ಇಡಬೇಡಿ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಒಬ್ಬರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಇಡುಗಂಟನ್ನೇ ಅಲ್ಲಿಟ್ಟಿದ್ದ ಹಿರಿಯರು ವರ್ಷಗಟ್ಟಲೆ ಅಲೆದರು. ಅವರಲ್ಲಿ ಬಹಳ ಜನ ಆಡಳಿತದವರನ್ನು ಬಲ್ಲವರೇ. ಅಧ್ಯಕ್ಷರು ಒಳ್ಳೆಯವರಿರಬಹುದು, ಆದರೆ ಅವರು ಕೊಟ್ಟ ಸಾಲವನ್ನು ಯಾರು ತೀರಿಸುತ್ತಿದ್ದಾರೆ, ಯಾರು ತೀರಿಸುತ್ತಿಲ್ಲ ಎಂಬುದು ನಿಮಗೆ ಕಾಣುವುದಿಲ್ಲ.

ಊರಿನ ಸೊಸೈಟಿ ರೈತರಿಗೆ ಆಸರೆಯಾಗಿರುವ ಕಡೆ ಅಲ್ಲಿ ಸದಸ್ಯರಾಗಿರಿ, ವ್ಯವಹಾರ ಇಟ್ಟುಕೊಳ್ಳಿ. ಹೋದರೆ ಬದುಕು ಅಲ್ಲಾಡುವಷ್ಟು ದುಡ್ಡನ್ನು ಮಾತ್ರ ಅಲ್ಲಿಡಬೇಡಿ.

ಚೀಟಿ ಹಾಕೋದು ಹೂಡಿಕೆನಾ?

ಬೇಕಾದಾಗ ದುಡ್ಡು ಎತ್ತಿಕೊಳ್ಳುವುದಕ್ಕೆ ಒಳ್ಳೆಯ ವ್ಯವಸ್ಥೆ, ಬೆಳೆಸುವುದಕ್ಕೆ ಅಷ್ಟೇನಲ್ಲ. ಹರಾಜಿನಲ್ಲಿ ಬೇಗ ಎತ್ತಿದವರು ಬಿಟ್ಟುಕೊಟ್ಟ ಮೊತ್ತವೇ ಉಳಿದವರಿಗೆ ಲಾಭವಾಗಿ ಬರುವುದು, ಅದರಲ್ಲಿ ಚೀಟಿ ನಡೆಸುವವರ ಕಮಿಷನ್ನೂ ಹೋಗುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ಆ ಕಮಿಷನ್ ಶೇ 5ರಷ್ಟಿತ್ತು, 2019ರ ತಿದ್ದುಪಡಿಯಲ್ಲಿ ಶೇ 7ರವರೆಗೆ ಏರಿಸಿದರು. ಹಾಕುವುದಿದ್ದರೆ ನೋಂದಾಯಿತ ಚೀಟಿಯನ್ನೇ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಕ್ಕದ ಬೀದಿಯವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಡೆಸುವ ಚೀಟಿ ಮುರಿದರೆ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ.

ಏಜೆಂಟ್ ಅಣ್ಣ ನಮ್ಮ ಸಂಬಂಧಿಕರೇ. ‘20 ಲಕ್ಷ ಕಟ್ಟಿದ್ರೆ 36 ಲಕ್ಷ ಬರುತ್ತೆ’ ಅಂತಾರೆ. ಪಾಲಿಸಿ ಮಾಡಿಸಲಾ?

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 1 ಲಕ್ಷದಂತೆ 20 ವರ್ಷ ಕಟ್ಟಿ ಕೊನೆಗೆ 36 ಲಕ್ಷ ಪಡೆದರೆ ಅದು ವರ್ಷಕ್ಕೆ ಸುಮಾರು ಶೇ 5.3ರ ಬೆಳವಣಿಗೆ. ಅದೇ ದುಡ್ಡನ್ನು ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ನಲ್ಲಿ ಹಾಕಿದ್ದರೆ, ದರ ಶೇ 7.1 ಇದ್ದಷ್ಟು ಕಾಲ, 44 ಲಕ್ಷದ ಆಸುಪಾಸಿಗೆ ಬರುತ್ತದೆ. (ಪಿಪಿಎಫ್ ಅವಧಿ 15 ವರ್ಷ, ಆಮೇಲೆ ಐದೈದು ವರ್ಷ ಮುಂದುವರಿಸಬಹುದು.) ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ‘ರೇಟ್’ ಎಂಬ ಸೂತ್ರಕ್ಕೆ ಅವಧಿ, ಕಂತು, ಕೊನೆಯ ಮೊತ್ತ ಕೊಟ್ಟು, ಕಂತು ವರ್ಷದ ಆರಂಭದಲ್ಲಿ ಎಂದು ಆರಿಸಿದರೆ ಇಂಥ ಪಾಲಿಸಿಯ ನಿಜವಾದ ದರ ಅರೆಗಳಿಗೆಯಲ್ಲಿ ಸಿಗುತ್ತದೆ. ‘ಕಟ್ಟಿದ್ದು ಇಷ್ಟು, ಬರುವುದು ಇಷ್ಟು’ ಎಂಬ ಮಾತಿನಲ್ಲಿ ವರ್ಷಗಳು ಮರೆಯಾಗಿರುತ್ತವೆ.

ವಿಮೆ ಬೇಕೇ ಬೇಕು, ಅದಕ್ಕೆ ಟರ್ಮ್ ಪಾಲಿಸಿ ಇದೆ: ಕಡಿಮೆ ಕಂತು, ದೊಡ್ಡ ಮೊತ್ತದ ರಕ್ಷಣೆ, ಬದುಕಿದ್ದರೆ ವಾಪಸ್ ಏನೂ ಇಲ್ಲ. ಆ ಕೊನೆಯ ಮಾತು ಕೇಳಿ ಹಿಂಜರಿಯುವವರೇ ಹೆಚ್ಚು. ಮನೆಯ ಒಬ್ಬರೇ ದುಡಿಯುವವರು ಐದು ಲಕ್ಷದ ಮನಿಬ್ಯಾಕ್ ಇಟ್ಟುಕೊಂಡಿದ್ದರೆ ಹೆಂಡತಿ ಮಕ್ಕಳಿಗೆ ಅದು ಎಷ್ಟು ತಿಂಗಳು ಬಂದೀತು ಎಂದು ಯೋಚಿಸಿ.

‘ತೆರಿಗೆ ಉಳಿಯುತ್ತೆ’ ಎಂಬ ಕಾರಣವೂ ಈಗ ಸಡಿಲವಾಗಿದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ವಿಮಾ ಕಂತಿಗೆ ಸಿಗುವ, 80ಸಿ ಎಂದು ನಾವು ಕರೆಯುತ್ತ ಬಂದ ವಿನಾಯಿತಿಯೇ ಇಲ್ಲ.

ಆಗಲೇ ಐದು ಕಂತು ಕಟ್ಟಿಬಿಟ್ಟಿದ್ದೀನಲ್ಲ, ಈಗ ಏನು ಮಾಡೋದು?

ಪಾಲಿಸಿ ಕೈಗೆ ಬಂದು 30 ದಿನ ಆಗಿಲ್ಲದಿದ್ದರೆ ‘ಫ್ರೀ ಲುಕ್’ ಅವಧಿಯಲ್ಲಿ ವಾಪಸ್ ಕೊಡಬಹುದು. ಅದು ದಾಟಿದ್ದರೆ ಶಾಖೆಗೆ ಹೋಗಿ ಎರಡು ಅಂಕಿ ಬರೆಸಿಕೊಳ್ಳಿ: ಇವತ್ತೇ ಪಾಲಿಸಿ ಮುರಿದು ಸರೆಂಡರ್ ಮಾಡಿದರೆ ಎಷ್ಟು, ಕಂತು ನಿಲ್ಲಿಸಿ ಪೇಡ್-ಅಪ್ ಮಾಡಿದರೆ ಕೊನೆಗೆ ಎಷ್ಟು. ಹಿಂದೆ ಕಟ್ಟಿದ್ದನ್ನು ಲೆಕ್ಕಕ್ಕೆ ತರಬೇಡಿ, ಅದು ಹೋದದ್ದು ಹೋಯಿತು. ಇನ್ನು ಮುಂದೆ ಕಟ್ಟಬೇಕಾದ ಕಂತುಗಳು ಮತ್ತು ಇವತ್ತಿನ ಸರೆಂಡರ್ ಮೊತ್ತ ಪಿಪಿಎಫ್‌ನಲ್ಲಿ ಎಷ್ಟಾಗುತ್ತವೆ ಎಂದು ಹೋಲಿಸಿ. ಮುಗಿಯಲು ಮೂರು ನಾಲ್ಕು ವರ್ಷ ಮಾತ್ರ ಉಳಿದಿದ್ದರೆ ಬಹುತೇಕ ಮುಂದುವರಿಸುವುದೇ ಲಾಭ. ಟರ್ಮ್ ಪಾಲಿಸಿ ಕೈಗೆ ಬರುವ ಮೊದಲು ಹಳೆಯದನ್ನು ಮುರಿಯಬೇಡಿ.

## ಮ್ಯೂಚುವಲ್ ಫಂಡ್

ಹೊಸ ಫಂಡ್ ಬರ್ತಿದೆ, 10 ರೂಪಾಯಿಗೆ ಒಂದು ಯೂನಿಟ್. ಹಳೇದು 400 ರೂಪಾಯಿ ಇದೆ. ಹೊಸದು ಅಗ್ಗ ಅಲ್ವಾ?

ಅಲ್ಲ. ಯೂನಿಟ್ ಎಂದರೆ ಫಂಡಿನ ಒಂದು ಪಾಲು. 10,000 ರೂಪಾಯಿಗೆ ಹೊಸದರಲ್ಲಿ 1,000 ಯೂನಿಟ್, ಹಳೆಯದರಲ್ಲಿ 25 ಯೂನಿಟ್ ಸಿಗುತ್ತವೆ. ಎರಡೂ ಶೇ 10 ಏರಿದರೆ ಎರಡು ಕಡೆಯೂ 11,000. ಹಳೆಯ ಫಂಡಿಗೆ ಹಿಂದಿನ ನಡತೆಯ ದಾಖಲೆ ಇದೆ, ಹೊಸದಕ್ಕೆ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಎಸ್‌ಐಪಿ ಅಂದ್ರೆ ಪಿಗ್ಮಿ ಇದ್ದ ಹಾಗೆ ತಾನೇ? ಮತ್ತೆ ನನ್ನದು ಯಾಕೆ ಮೈನಸ್ ತೋರಿಸ್ತಿದೆ? ನಿಲ್ಲಿಸಿಬಿಡಲಾ?

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಸಣ್ಣ ಮೊತ್ತವನ್ನು ತಪ್ಪದೆ ಕಟ್ಟುವ ಆ ಅಭ್ಯಾಸ ಎಸ್‌ಐಪಿಯಲ್ಲೂ ಇದೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಪಿಗ್ಮಿ ಠೇವಣಿ, ಈಕ್ವಿಟಿ ಫಂಡಿನ ಎಸ್‌ಐಪಿಯಲ್ಲಿ ಪ್ರತಿ ತಿಂಗಳೂ ಷೇರು ಕೊಳ್ಳುತ್ತಿದ್ದೀರಿ. ಷೇರು ಇಳಿದರೆ ಮೈನಸ್ ಬರುತ್ತದೆ.

ಎಷ್ಟು ಇಳಿಯಬಹುದು ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. 2008ರ ಜನವರಿಯಲ್ಲಿ 21,000 ದಾಟಿದ್ದ ಷೇರು ಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿತ್ತು. 2020ರ ಜನವರಿಯಲ್ಲಿ 42,000ದ ಮೇಲಿದ್ದದ್ದು ಮಾರ್ಚ್ 23ರಂದು 26,000ದ ಕೆಳಗೆ ಬಂತು. ಆ ಒಂದೇ ದಿನ ಶೇ 13ರಷ್ಟು ಕುಸಿಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ ಹಳೆಯ ಎತ್ತರವನ್ನು ದಾಟಿತು. ಆದರೆ 2008ರ ಎತ್ತರವನ್ನು ಬಿಟ್ಟು ಮೇಲೆ ನಿಲ್ಲಲು ಐದಕ್ಕೂ ಹೆಚ್ಚು ವರ್ಷ ಬೇಕಾದವು. ‘ಏಳೆಂಟು ವರ್ಷ ಮುಟ್ಟದ ದುಡ್ಡು’ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇಳಿದಾಗ ಅದೇ ಐದು ಸಾವಿರಕ್ಕೆ ಹೆಚ್ಚು ಯೂನಿಟ್ ಬರುತ್ತವೆ. ಆಗ ನಿಲ್ಲಿಸಿ, ಏರಿದ ಮೇಲೆ ಮತ್ತೆ ಶುರು ಮಾಡುವವರು ದುಬಾರಿ ಯೂನಿಟ್‌ಗಳನ್ನಷ್ಟೇ ಕೊಂಡಂತಾಗುತ್ತದೆ. ಕೆಲಸ ಹೋಗಿದ್ದರೆ, ಮನೆಯಲ್ಲಿ ಕಾಯಿಲೆ ಇದ್ದರೆ ಧಾರಾಳವಾಗಿ ನಿಲ್ಲಿಸಿ. ಕೆಂಪು ಬಣ್ಣ ಕಂಡಿತು ಎಂಬ ಕಾರಣಕ್ಕೆ ಬೇಡ.

ಡೈರೆಕ್ಟ್ ಪ್ಲಾನ್, ರೆಗ್ಯುಲರ್ ಪ್ಲಾನ್ ಎರಡೂ ಒಂದೇ ಫಂಡ್ ಅಂತೀರಿ. ಮತ್ತೆ ಯಾವುದು ತಗೊಳ್ಳಲಿ?

ಷೇರುಗಳು ಅವೇ, ಮ್ಯಾನೇಜರ್ ಅವರೇ. ರೆಗ್ಯುಲರ್‌ನಲ್ಲಿ ಮಾರಿದವರಿಗೆ ಪ್ರತಿ ವರ್ಷ ಕಮಿಷನ್ ಹೋಗುತ್ತದೆ. 2013ರ ಜನವರಿಯಿಂದ ಡೈರೆಕ್ಟ್ ಪ್ಲಾನ್ ಇದೆ, ಅದರಲ್ಲಿ ಆ ಖರ್ಚಿಲ್ಲ. ತಿಂಗಳಿಗೆ 5,000ದಂತೆ 20 ವರ್ಷ, ಶೇ 12ರ ಬೆಳವಣಿಗೆ ಎಂದು ಇಟ್ಟುಕೊಂಡರೆ ಸುಮಾರು 50 ಲಕ್ಷವಾಗುತ್ತದೆ. ಖರ್ಚು ಒಂದು ಪರ್ಸೆಂಟ್ ಹೆಚ್ಚಾಗಿ ಬೆಳವಣಿಗೆ 11ಕ್ಕೆ ಇಳಿದರೆ 43 ಲಕ್ಷ 70 ಸಾವಿರದಷ್ಟು. ಆರು ಲಕ್ಷದ ವ್ಯತ್ಯಾಸ. (ಶೇ 12 ಬಂದೇ ಬರುತ್ತದೆ ಎಂದಲ್ಲ, ಖರ್ಚಿನ ತೂಕ ತೋರಿಸಲು ಹಿಡಿದ ಅಂಕಿ.)

ಹಾಗಂತ ಕಮಿಷನ್ ಪಡೆಯುವವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. 2020ರ ಮಾರ್ಚ್‌ನಲ್ಲಿ ಗಾಬರಿಬಿದ್ದವರನ್ನು ಕೂರಿಸಿಕೊಂಡು ‘ಮಾರಬೇಡಿ’ ಎಂದು ಧೈರ್ಯ ಹೇಳಿದ ವಿತರಕರು ತಮ್ಮ ಕಮಿಷನ್ನಿಗಿಂತ ಹೆಚ್ಚು ಉಳಿಸಿಕೊಟ್ಟಿದ್ದಾರೆ. ಸ್ವಂತವಾಗಿ ನೋಡಿಕೊಳ್ಳುವವರಿಗೆ ಡೈರೆಕ್ಟ್. ಒಬ್ಬರ ಆಸರೆ ನಿಜಕ್ಕೂ ಸಿಗುತ್ತಿದ್ದರೆ ರೆಗ್ಯುಲರ್. ಬ್ಯಾಂಕಿನ ಕೌಂಟರಿನಲ್ಲಿ ಸಹಿ ಹಾಕಿಸಿಕೊಂಡು ಮತ್ತೆ ಮುಖ ತೋರಿಸದವರಿಗೆ ವರ್ಷ ವರ್ಷ ಕೊಡುವುದಕ್ಕೆ ಮಾತ್ರ ಅರ್ಥವಿಲ್ಲ.

ನನ್ನ ಹತ್ತಿರ ಹದಿನಾಲ್ಕು ಫಂಡ್ ಇವೆ. ರಿಸ್ಕ್ ಹಂಚಿದ ಹಾಗೆ ಆಯ್ತಲ್ವಾ?

ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಲಾರ್ಜ್ ಕ್ಯಾಪ್ ಎಂದರೆ ದೊಡ್ಡದರಿಂದ ಎಣಿಸಿದರೆ ಮೊದಲ 100 ಕಂಪನಿಗಳು. ನಾಲ್ಕು ಲಾರ್ಜ್ ಕ್ಯಾಪ್ ಫಂಡ್ ತೆಗೆದುಕೊಂಡರೆ ಅದೇ ಬ್ಯಾಂಕುಗಳು, ಅದೇ ಸಾಫ್ಟ್‌ವೇರ್ ಕಂಪನಿಗಳು ನಾಲ್ಕು ಸಲ ಬಂದಿರುತ್ತವೆ. ಒಂದು ನಿಫ್ಟಿ ಇಂಡೆಕ್ಸ್ ಫಂಡ್ (ನಿಫ್ಟಿ ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಕೊಳ್ಳುವುದು), ಬೇಕಿದ್ದರೆ ಒಂದು ಫ್ಲೆಕ್ಸಿ ಕ್ಯಾಪ್ (ಎಲ್ಲ ಗಾತ್ರದ ಕಂಪನಿಗಳದು) ಅಥವಾ ಮಿಡ್ ಕ್ಯಾಪ್ (ಮಧ್ಯಮ ಗಾತ್ರದವು). ಬಹುಪಾಲು ಮನೆಗಳಿಗೆ ಇಷ್ಟು ಸಾಕು. ಉಳಿದವನ್ನು ಒಂದೇ ದಿನ ಮಾರಬೇಡಿ, ತೆರಿಗೆ ನೋಡಿಕೊಂಡು ಎರಡು ಮೂರು ವರ್ಷದಲ್ಲಿ ಕಡಿಮೆ ಮಾಡಿ.

ನಮ್ಮದು ಅಡಿಕೆ ತೋಟ. ದುಡ್ಡು ಬರೋದೇ ವರ್ಷಕ್ಕೆ ಒಂದೆರಡು ಸಲ. ತಿಂಗಳು ತಿಂಗಳು ಎಲ್ಲಿಂದ ಹಾಕೋದು?

ಹೂಡಿಕೆಯ ಪುಸ್ತಕಗಳೆಲ್ಲ ಸಂಬಳದವರಿಗೇ ಬರೆದಂತಿವೆ ಎಂಬ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮಂಡಿಯಿಂದ ದುಡ್ಡು ಬಂದಾಗ ಮೊದಲು ಮುಂದಿನ ಕೊಯ್ಲಿನವರೆಗಿನ ಮನೆ ಖರ್ಚು, ಗೊಬ್ಬರ, ಔಷಧಿ ಸಿಂಪಡಣೆ, ಆಳಿನ ಕೂಲಿ ತೆಗೆದಿಡಿ. ಸಂಬಳದವರಿಗೆ ಆರು ತಿಂಗಳ ಆಪತ್ತಿನ ಗಂಟು ಸಾಕು. ತೋಟದವರಿಗೆ ಒಂದು ಪೂರ್ತಿ ಬೆಳೆ ಹೋದರೂ ತಡೆಯುವಷ್ಟು ಬೇಕು, ಏಕೆಂದರೆ ಕೊಳೆ ರೋಗವೋ ಎಲೆಚುಕ್ಕಿಯೋ ಬಂದ ವರ್ಷ ಬೆಲೆ ಎಷ್ಟಿದ್ದರೂ ಮಾರಲು ಮಾಲು ಇರುವುದಿಲ್ಲ.

ಉಳಿದದ್ದನ್ನು ಲಿಕ್ವಿಡ್ ಫಂಡಿನಲ್ಲಿ (ತೀರಾ ಕಡಿಮೆ ಅವಧಿಯ ಸಾಲಪತ್ರ ಕೊಳ್ಳುವ ಫಂಡು) ಹಾಕಿ, ಅಲ್ಲಿಂದ ತಿಂಗಳಿಗಿಷ್ಟು ಎಂದು ಈಕ್ವಿಟಿ ಫಂಡಿಗೆ ತಾನಾಗಿ ಹೋಗುವಂತೆ ಎಸ್‌ಟಿಪಿ ಮಾಡಬಹುದು. ನಿಮ್ಮ ಆಸ್ತಿಯ ಬಹುಭಾಗ ಆಗಲೇ ಜಮೀನಿನಲ್ಲಿದೆ. ಹಾಗಾಗಿ ಇನ್ನೊಂದೆಕರೆ ಕೊಳ್ಳುವ ಮೊದಲು, ಮಳೆಗೂ ಅಡಿಕೆ ದರಕ್ಕೂ ಸಂಬಂಧವಿಲ್ಲದ ಕಡೆ ಸ್ವಲ್ಪ ಇರಲಿ ಎಂಬುದು ನನ್ನ ಅಭಿಪ್ರಾಯ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಆದರೆ ಆ ದುಡ್ಡಿಟ್ಟು ಬಂದ ಬಡ್ಡಿಗೆ, ಫಂಡಿನ ಲಾಭಕ್ಕೆ ತೆರಿಗೆ ಇದೆ.

ಡೆಟ್ ಫಂಡ್ ಎಫ್‌ಡಿ ಥರಾನೇ ಸೇಫ್ ಅಂತಾರೆ, ಹೌದಾ?

ಹಾಗೆ ಹೇಳಲಾಗದು. ಡೆಟ್ ಫಂಡು ನಿಮ್ಮ ದುಡ್ಡನ್ನು ಕಂಪನಿ, ಸರ್ಕಾರಗಳಿಗೆ ಸಾಲವಾಗಿ ಕೊಡುತ್ತದೆ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಎಂಬ ಫಂಡ್ ಸಂಸ್ಥೆ ತನ್ನ ಆರು ಡೆಟ್ ಫಂಡುಗಳನ್ನು ಒಮ್ಮೆಗೇ ಮುಚ್ಚಿತು. ಕೊನೆಗೆ ದುಡ್ಡು ವಾಪಸ್ ಬಂತು, ಆದರೆ ಕಂತುಕಂತಾಗಿ, ಕಾದು ಕಾದು. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡಿಗೆ ತೆರಿಗೆಯಲ್ಲೂ ಎಫ್‌ಡಿಗಿಂತ ಕಡಿಮೆ ದರವೇನಿಲ್ಲ. ಸಣ್ಣ ಹೂಡಿಕೆದಾರರು ಲಿಕ್ವಿಡ್ ಫಂಡಿನಾಚೆಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

## ಚಿನ್ನ ಮತ್ತು ಸೈಟು

ಚಿನ್ನ ಯಾವತ್ತೂ ಇಳಿಯಲ್ಲ ಅಲ್ವಾ? ಒಡವೆ ಮಾಡಿಸಿಟ್ಟರೆ ಅದೇ ಹೂಡಿಕೆ ಅಲ್ವಾ?

2012ರ ಕೊನೆಯಲ್ಲಿ 10 ಗ್ರಾಂಗೆ 31,000 ರೂಪಾಯಿಯ ಸುತ್ತ ಇದ್ದ ಚಿನ್ನ 2018ರಲ್ಲೂ ಅಲ್ಲೇ ಇತ್ತು, ನಡುವೆ ಇಳಿದೂ ಇತ್ತು. ಆಮೇಲೆ ಏರಿದ್ದನ್ನಷ್ಟೇ ನಾವು ನೆನಪಿಟ್ಟಿದ್ದೇವೆ. ಒಡವೆಯಲ್ಲಿ ಮಜೂರಿ, ವೇಸ್ಟೇಜು, ಜಿಎಸ್‌ಟಿ ಎಲ್ಲ ಸೇರುತ್ತವೆ, ಮಾರುವಾಗ ಅವು ಯಾವುವೂ ವಾಪಸ್ ಬರುವುದಿಲ್ಲ. ತೊಡುವುದಕ್ಕೆ ಒಡವೆ ಕೊಳ್ಳಿ, ಅದರ ಸಂತೋಷವೇ ಬೇರೆ. ಕೊಳ್ಳುವಾಗ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಹಾಲ್‌ಮಾರ್ಕ್ ಗುರುತು ನೋಡಿ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ; ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ಹೂಡಿಕೆಗೆಂದೇ ಆದರೆ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರಬಹುದಾದ ಚಿನ್ನದ ಫಂಡು) ಇದೆ. ಸರ್ಕಾರದ ಗೋಲ್ಡ್ ಬಾಂಡ್‌ಗಳ ಹೊಸ ಕಂತು 2024ರ ಫೆಬ್ರುವರಿಯ ನಂತರ ಬಂದಿಲ್ಲ. ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೂ ಸಿಗುವ ‘ಡಿಜಿಟಲ್ ಗೋಲ್ಡ್’ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಎಂದು 2025ರ ನವೆಂಬರ್‌ನಲ್ಲಿ ಸೆಬಿಯೇ ಎಚ್ಚರಿಸಿದೆ.

ಬೆಂಗಳೂರಿನ ಹೊರಗೆ ಒಂದು ಸೈಟ್ ತಗೊಂಡು ಬಿಟ್ಟರೆ ಸಾಕು, ಷೇರು ಗೀರು ಯಾಕೆ ಅಂತಾರೆ ಮಾವ.

ಮಾವನವರ ಕಾಲದಲ್ಲಿ ಜಯನಗರದಲ್ಲೋ ವಿಜಯನಗರದಲ್ಲೋ ಸೈಟ್ ತೆಗೆದುಕೊಂಡವರ ಮಾತು ನಿಜ. ಆದರೆ ಬಡಾವಣೆ ಆಗಿಯೇ ಆಗುತ್ತದೆ ಎಂದು ನಂಬಿ ರೆವಿನ್ಯೂ ಸೈಟ್ ಕೊಂಡು, ಕೃಷಿ ಜಮೀನು ಡಿಸಿ ಕನ್ವರ್ಷನ್ ಆಗದೆ, ಖಾತೆಯೂ ಆಗದೆ ಕಾಯುತ್ತಿರುವವರ ಕಥೆಯನ್ನು ಯಾರೂ ಮದುವೆ ಮನೆಯಲ್ಲಿ ಹೇಳಿಕೊಳ್ಳುವುದಿಲ್ಲ.

ಲೆಕ್ಕದಲ್ಲಿ ಬಿಟ್ಟುಹೋಗುವ ಖರ್ಚುಗಳನ್ನೂ ಸೇರಿಸಿ. ಮುದ್ರಾಂಕ ಶುಲ್ಕದ ಜೊತೆ ನೋಂದಣಿ ಶುಲ್ಕವೂ ಇದೆ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಅದು ಶೇ 1ರಿಂದ 2ಕ್ಕೆ ಏರಿದೆ. ಬ್ರೋಕರಿಗೆ ಕೊಡಬೇಕು, ಬೇಲಿ ಹಾಕಿಸಬೇಕು, ವರ್ಷ ವರ್ಷ ಕಂದಾಯ ಕಟ್ಟಬೇಕು, ಯಾರೂ ಒತ್ತುವರಿ ಮಾಡಿಲ್ಲವೆಂದು ನೋಡಿಕೊಂಡು ಬರಬೇಕು. ಎಲ್ಲಕ್ಕಿಂತ ಮುಖ್ಯ, ಮಗನ ಫೀಸಿಗೆ ಮೂರು ಲಕ್ಷ ಬೇಕೆಂದರೆ ಸೈಟಿನ ಒಂದು ಮೂಲೆಯನ್ನು ಮಾರಲಾಗದು.

ಕೊಳ್ಳುವುದೇ ಆದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ, ಇ-ಖಾತಾ ನೋಡಿ, 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ಕರ್ನಾಟಕ ರೇರಾದಲ್ಲಿ ನೋಂದಣಿ ಆಗಿದೆಯೇ ಎಂದು ಪರಿಶೀಲಿಸಿ, ಮಾರುವವರ ಕಡೆಯವರಲ್ಲದ ವಕೀಲರಿಗೆ ಮೂಲ ಪತ್ರಗಳನ್ನು ತೋರಿಸಿ. ‘ಇವತ್ತೇ ಅಡ್ವಾನ್ಸ್ ಕೊಡಿ, ನಾಳೆ ರೇಟ್ ಏರುತ್ತೆ’ ಎಂದವರಿಗೆ ನಾಳೆಯ ರೇಟನ್ನೇ ಕೊಡುವೆನೆಂದು ಹೇಳಿ ಬನ್ನಿ.

## ಷೇರು ಪೇಟೆ

ಇನ್ಫೋಸಿಸ್ ಷೇರು ಅವತ್ತು ತಗೊಂಡಿದ್ರೆ ಇವತ್ತು ಕೋಟಿಗಳಲ್ಲಿ ಇರ್ತಿತ್ತು. ಅಂಥದ್ದು ಒಂದು ಹೇಳಿ.

1993ರಲ್ಲಿ ಇನ್ಫೋಸಿಸ್ ಒಂದು ಷೇರಿಗೆ 95 ರೂಪಾಯಿಯಂತೆ ಕೊಡಲು ಬಂದಾಗ ಜನರಿಂದ ಪೂರ್ತಿ ಅರ್ಜಿಯೇ ಬರಲಿಲ್ಲ. ಅವತ್ತು ಅದರ ಕಥೆ ಯಾರಿಗೂ ಗೊತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರನ್ನೂ ಜನ ಆಸೆಯಿಂದ ಕೊಂಡಿದ್ದರು. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಷೇರು ಕಾಗದವಾಯಿತು. ಗೆದ್ದ ಕಂಪನಿಯನ್ನು ಹಿಂದಿನಿಂದ ನೋಡಿ ಗುರುತಿಸುವುದು ಸುಲಭ.

ಷೇರು ಆರಿಸುವ ಆಸಕ್ತಿ ನಿಜಕ್ಕೂ ಇದ್ದರೆ ನಿಮ್ಮ ಹೂಡಿಕೆಯ ಹತ್ತನೇ ಒಂದು ಭಾಗವನ್ನು ಅದಕ್ಕಿಟ್ಟು, ವಾರ್ಷಿಕ ವರದಿ ಓದುವುದನ್ನು ಕಲಿಯಿರಿ. ಉಳಿದದ್ದು ಇಂಡೆಕ್ಸ್ ಫಂಡಿನಲ್ಲಿರಲಿ.

ಐಪಿಒಗೆ ಅರ್ಜಿ ಹಾಕಿದ್ರೆ ಲಿಸ್ಟಿಂಗ್ ದಿನವೇ ಲಾಭ ಅಂತಾರೆ.

ಕೆಲವು ಸಲ ಹೌದು. ಐಪಿಒ ಎಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಕೊಡುವುದು, ಲಿಸ್ಟಿಂಗ್ ಎಂದರೆ ಆ ಷೇರು ಪೇಟೆಯಲ್ಲಿ ವಹಿವಾಟಿಗೆ ಬರುವುದು. 2021ರ ನವೆಂಬರ್‌ನಲ್ಲಿ ಪೇಟಿಎಂ 2,150 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ ಶೇ 27ರಷ್ಟು ಇಳಿಯಿತು. 2022ರ ಮೇನಲ್ಲಿ ಎಲ್‌ಐಸಿ ಷೇರು 949ಕ್ಕೆ ಬಂದು ಅದಕ್ಕಿಂತ ಕೆಳಗೇ ಶುರುವಾಯಿತು. ಅರ್ಜಿಗೆ ಮುನ್ನ ಒಂದನ್ನು ನೋಡಿ: ಸಂಗ್ರಹಿಸಿದ ದುಡ್ಡು ಕಂಪನಿಯ ಕೆಲಸಕ್ಕೆ ಹೋಗುತ್ತದೆಯೋ, ಹಳೆಯ ಪಾಲುದಾರರು ಮಾರಿ ಹೊರಗೆ ಹೋಗುತ್ತಿದ್ದಾರೋ? ಲಿಸ್ಟಿಂಗ್‌ಗೆ ಮುನ್ನ ಪೇಟೆಯ ಹೊರಗೆ ಓಡಾಡುವ ಗ್ರೇ ಮಾರ್ಕೆಟ್ ಬೆಲೆಗೆ ಯಾರೂ ಹೊಣೆಗಾರರಲ್ಲ.

ಗೆಳೆಯ ಆಪ್ಷನ್‌ನಲ್ಲಿ ದಿನಕ್ಕೆ ಎರಡು ಸಾವಿರ ಮಾಡ್ತಾನೆ. ಕೆಲಸ ಬಿಟ್ಟು ಅದನ್ನೇ ಮಾಡಲಾ?

ದಯವಿಟ್ಟು ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನ ಮೂರು ವರ್ಷಗಳ ಲೆಕ್ಕ ನೋಡಿತ್ತು, 2021–22ರಿಂದ 2023–24ರವರೆಗೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ (ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳು) ಇಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡಿದ್ದರು, ಸರಾಸರಿ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತ್ತು. ನಿಯಮ ಬಿಗಿ ಮಾಡಿದ ಮೇಲೂ 2024–25ರಲ್ಲಿ ಶೇ 91 ಮಂದಿ ನಷ್ಟದಲ್ಲೇ ಇದ್ದರು. ದಿನದೊಳಗೆ ಕೊಂಡು ಮಾರುವ ಇಂಟ್ರಾಡೇಯಲ್ಲೂ ಹತ್ತರಲ್ಲಿ ಏಳು ಜನ ಸೋತರೆಂದು ಸೆಬಿಯ ಇನ್ನೊಂದು ಅಧ್ಯಯನ ಹೇಳಿದೆ.

ನಿಮ್ಮ ಎದುರು ವ್ಯಾಪಾರಕ್ಕೆ ಕೂತಿರುವುದು ಕ್ಷಣದ ಸಣ್ಣ ಪಾಲಿನಲ್ಲಿ ಲೆಕ್ಕ ಮಾಡುವ ದೊಡ್ಡ ಸಂಸ್ಥೆಗಳ ಯಂತ್ರಗಳು. ಗೆಳೆಯ ಎರಡು ಸಾವಿರದ ದಿನದ ಸ್ಕ್ರೀನ್‌ಶಾಟ್ ಕಳಿಸುತ್ತಾನೆ, ನಲವತ್ತು ಸಾವಿರ ಹೋದ ದಿನದ್ದನ್ನು ಕಳಿಸುವುದಿಲ್ಲ. ಆಗಲೇ ಇಳಿದಿದ್ದರೆ, ಸಾಲ ಮಾಡಿ ಆಡುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಇವತ್ತೇ ಹೇಳಿ. ಮುಚ್ಚಿಟ್ಟ ನಷ್ಟವನ್ನು ತುಂಬಿಕೊಳ್ಳಲು ಹೋಗಿ ಇನ್ನಷ್ಟು ಕಳೆದುಕೊಂಡವರೇ ಹೆಚ್ಚು.

ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ರು. ಅವರ ಆ್ಯಪ್‌ನಲ್ಲಿ ನನ್ನ 50 ಸಾವಿರ ಈಗ 3 ಲಕ್ಷ ಆಗಿದೆ. ತೆಗೀಬೇಕು ಅಂದ್ರೆ ಟ್ಯಾಕ್ಸ್ ಕಟ್ಟಿ ಅಂತಿದ್ದಾರೆ.

ಇನ್ನೊಂದು ರೂಪಾಯಿಯನ್ನೂ ಕಳಿಸಬೇಡಿ. ಅದು ವಂಚನೆ, ಪರದೆಯ ಮೇಲಿನ 3 ಲಕ್ಷ ಬರೀ ಅಂಕಿ. ಲಾಭದ ಮೇಲಿನ ತೆರಿಗೆಯನ್ನು ನೀವು ಸರ್ಕಾರಕ್ಕೆ ಕಟ್ಟುತ್ತೀರಿ, ಆ್ಯಪ್‌ನವರಿಗಲ್ಲ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಖಾತೆಗಳಲ್ಲಿ ಉಳಿದ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮುಂದೆ ಯಾರಿಗೇ ದುಡ್ಡು ಕಳಿಸುವಾಗಲೂ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ನಿಜವಾದ ಬ್ರೋಕರ್‌ಗೆ ಕಟ್ಟುವ ದುಡ್ಡು ಯಾವುದೋ ಟ್ರೇಡರ್ಸ್, ಎಂಟರ್‌ಪ್ರೈಸಸ್ ಹೆಸರಿನ ಖಾತೆಗೆ ಹೋಗುವುದಿಲ್ಲ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್ ಮತ್ತು ಫಂಡ್ ಸಂಸ್ಥೆಗಳ ಯುಪಿಐ ವಿಳಾಸದಲ್ಲಿ ‘ವ್ಯಾಲಿಡ್’ ಎಂಬ ಪದ ಬರುವಂತೆ ಸೆಬಿ ಮಾಡಿದೆ. ಅದನ್ನು ಸೆಬಿಯ ‘ಸೆಬಿ ಚೆಕ್’ ಸೌಲಭ್ಯದಲ್ಲಿ ಪರೀಕ್ಷಿಸಬಹುದು. ತಿಂಗಳು ತಿಂಗಳು ಖಚಿತ ಲಾಭ ಎಂದು ನಂಬಿಸಿದ ಬೆಂಗಳೂರಿನ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಶಿವಾಜಿನಗರದ ಬೀದಿಯಲ್ಲಿ ನಿಂತವರ ಮುಖ ನೆನಪಿದ್ದವರಿಗೆ ‘ಖಚಿತ’ ಎಂಬ ಮಾತು ಕೇಳಿದರೇ ಎಚ್ಚರವಾಗಬೇಕು.

## ಸ್ವಲ್ಪ ಮುಂದುವರಿದವರಿಗೆ

12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಷೇರು ಮಾರಿದ ಲಾಭಕ್ಕೂ ಇಲ್ಲ ಅಲ್ವಾ?

ಇಲ್ಲಿ ಬಹಳ ಜನ ಎಡವುತ್ತಿದ್ದಾರೆ. ಹೊಸ ಪದ್ಧತಿಯ ಆ ರಿಯಾಯಿತಿ ಷೇರು ಮತ್ತು ಈಕ್ವಿಟಿ ಫಂಡಿನ ಬಂಡವಾಳ ಲಾಭಕ್ಕೆ ಸಿಗುವುದಿಲ್ಲ. ಒಂದು ವರ್ಷದೊಳಗೆ ಮಾರಿದರೆ ಲಾಭದ ಶೇ 20. ವರ್ಷ ದಾಟಿದ್ದರೆ, ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5. ಈ ದರಗಳು 2024ರ ಜುಲೈ 23ರಿಂದ ಬಂದವು. 1.25 ಲಕ್ಷದ ವಿನಾಯಿತಿ ಪ್ರತಿ ವರ್ಷವೂ ಸಿಗುತ್ತದೆ, ಬಳಸದಿದ್ದರೆ ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಹಾಗಾಗಿ ಬೇಡದ ಫಂಡುಗಳನ್ನು ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಮಾರಿದರೆ ಎರಡು ವರ್ಷದ ವಿನಾಯಿತಿ ಬಳಸಿದಂತಾಗುತ್ತದೆ.

ಮಗ ಅಮೆರಿಕಕ್ಕೆ ಹೋದ. ಇಲ್ಲಿನ ಖಾತೆ, ಫಂಡ್ ಎಲ್ಲ ಹಾಗೇ ನಡೆಸಬಹುದಾ?

ಹಾಗೇ ಬಿಡುವಂತಿಲ್ಲ. ಅನಿವಾಸಿಯಾದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಮಾಡಿಸಬೇಕು, ಡಿಮ್ಯಾಟ್ (ಷೇರು ಇಡುವ ಖಾತೆ) ಮತ್ತು ಫಂಡುಗಳ ಕೆವೈಸಿಯಲ್ಲೂ ಬದಲಿಸಬೇಕು. ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಯುತ್ತದೆ, ಹೊಸದು ತೆರೆಯಲಾಗದು. ಅಮೆರಿಕದಲ್ಲಿರುವವರಿಗೆ ಇನ್ನೊಂದು ತೊಡಕು: ಅಲ್ಲಿನ ತೆರಿಗೆ ಕಾನೂನು ನಮ್ಮ ಮ್ಯೂಚುವಲ್ ಫಂಡುಗಳನ್ನು ಪಿಎಫ್‌ಐಸಿ ಎಂಬ ಗುಂಪಿಗೆ ಸೇರಿಸುತ್ತದೆ. ಪ್ರತಿ ಫಂಡಿಗೂ 8621 ಎಂಬ ನಮೂನೆ, ಜೊತೆಗೆ ಭಾರಿ ತೆರಿಗೆ. ಅಲ್ಲಿ ತೆರಿಗೆ ಕಟ್ಟಲು ಶುರುವಾಗುವ ಮೊದಲೇ ಎರಡೂ ದೇಶದ ನಿಯಮ ಬಲ್ಲ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ನಾಮಿನಿ ಹಾಕಿದ್ದೀನಿ. ಅಷ್ಟು ಸಾಕಲ್ವಾ?

ಬ್ಯಾಂಕ್ ಖಾತೆ, ಫಂಡುಗಳಲ್ಲಿ ನಾಮಿನಿ ದುಡ್ಡನ್ನು ಪಡೆದುಕೊಳ್ಳುವವರು ಮಾತ್ರ, ಒಡೆಯರಲ್ಲ. ಷೇರುಗಳಿಗೂ ಇದೇ ಅನ್ವಯ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಯಾರಿಗೆ ಸೇರಬೇಕು ಎಂಬುದನ್ನು ಉಯಿಲಿನಲ್ಲಿ ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಬಿಳಿ ಹಾಳೆಯ ಮೇಲೂ ನಡೆಯುತ್ತದೆ. ಎಲ್ಲೆಲ್ಲಿ ಏನೇನಿದೆ ಎಂಬ ಪಟ್ಟಿ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ, ಅದರಲ್ಲೂ ಹೆಂಡತಿಗೆ. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನ ಹೆಸರೇ ತಿಳಿಯದೆ ಕೂತ ಹೆಣ್ಣುಮಕ್ಕಳನ್ನು ನೋಡಿದಾಗ ತುಂಬ ಸಂಕಟವಾಗುತ್ತದೆ.

ಅಜ್ಜನ ಟ್ರಂಕಿನಲ್ಲಿ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಷೇರು ಪತ್ರ ಸಿಕ್ಕಿವೆ. ಬೆಲೆ ಇದೆಯಾ?

ಇದೆ, ಎಸೆಯಬೇಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು; 1,000 ಷೇರಿಗೆ 402 ಬರೋಡಾ ಷೇರು. ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿದಾಗ 1,000ಕ್ಕೆ 158, ಅದೇ ದಿನ ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330 ಷೇರು ಸಿಕ್ಕವು. ಕರಾವಳಿಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಇಂಥ ಪತ್ರಗಳಿವೆ.

ಕಾಗದದ ಷೇರನ್ನು 2019ರ ಏಪ್ರಿಲ್‌ನಿಂದ ಕೈಯಿಂದ ಕೈಗೆ ವರ್ಗಾಯಿಸಲಾಗದು. ಈಗಿನ ಬ್ಯಾಂಕಿನ ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ ಫೋಲಿಯೋ ಸಂಖ್ಯೆ ಕೊಟ್ಟು ಬರೆಯಿರಿ. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಬೇಕಾಗುತ್ತವೆ. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರಬಹುದು. ಅಲ್ಲಿಂದಲೂ ವಾಪಸ್ ಪಡೆಯಬಹುದು. ಬಿಟ್ಟುಹೋದ ಬ್ಯಾಂಕ್ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ. ಐಇಪಿಎಫ್ ಅರ್ಜಿಗೆ ಸರ್ಕಾರ ಶುಲ್ಕ ಪಡೆಯುವುದಿಲ್ಲ. ಮೊತ್ತದಲ್ಲಿ ಕಾಲುಭಾಗ ಕೊಟ್ಟರೆ ಮಾಡಿಸಿಕೊಡುತ್ತೇವೆ ಎಂದು ಬರುವವರಿಗೆ ಸಹಿ ಮಾಡುವ ಮುನ್ನ ನೀವೇ ಒಮ್ಮೆ ಅರ್ಜಿ ಹಾಕಿ ನೋಡಿ; ತಿಂಗಳುಗಳು ಹಿಡಿಯುತ್ತವೆ, ಕಾಗದ ಹೆಚ್ಚು ಕೇಳುತ್ತಾರೆ, ಆದರೆ ಆಗುತ್ತದೆ.